ಹೋಂಡಾ ಎಂಜಿನ್ ಯಾಕೆ ಸೋತಿತು, ಹೇಗೆ ಎದ್ದಿತು: ಪದೇ ಪದೇ ಕೇಳುವ ಪ್ರಶ್ನೆಗಳು

ಫಾರ್ಮುಲಾ ಒನ್ ರೇಸ್ ಇರುವ ಭಾನುವಾರ ರಾಜಾಜಿನಗರದ ನಮ್ಮ ಮನೆ ಮಹಡಿಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತೇವೆ. ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅದರಲ್ಲೂ ಹೋಂಡಾ ಬಗ್ಗೆ ಕೇಳದವರಿಲ್ಲ. ರೇಸ್ ಓಡುತ್ತಿರುವಾಗ ಪೂರ್ತಿ ಉತ್ತರ ಹೇಳೋಕೆ ಆಗಲ್ಲ, ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಪೀಣ್ಯದಲ್ಲಿ ಲಾರಿ, ಬಸ್ಸುಗಳ ಟರ್ಬೋ ರಿಪೇರಿ ಮಾಡುವವನು. ಹೋಂಡಾ ಪಟ್ಟ ಪಾಡಿನಲ್ಲಿ ಮುಕ್ಕಾಲು ಪಾಲು ಟರ್ಬೋ ಸುತ್ತಲೇ ಇದೆ. ಅದಕ್ಕೇ ಈ ಕಥೆ ನನಗೆ ಅಷ್ಟು ಹತ್ತಿರ.

ಪವರ್ ಯೂನಿಟ್ ಅಂದರೆ ಎಂಜಿನ್ ತಾನೇ? ಬೇರೆ ಹೆಸರು ಯಾಕೆ?

ಎಂಜಿನ್ ಅದರ ಒಂದು ಭಾಗ ಅಷ್ಟೇ. 2014ರಲ್ಲಿ ನಿಯಮ ಬದಲಾಯಿತು. 2.4 ಲೀಟರಿನ ವಿ8 ಹೋಗಿ 1.6 ಲೀಟರಿನ ವಿ6 ಟರ್ಬೋ ಬಂತು. ಅದರ ಜೊತೆಗೆ ಎರಡು ಎಲೆಕ್ಟ್ರಿಕ್ ಮೋಟಾರ್, ಒಂದು ಬ್ಯಾಟರಿ, ಇವನ್ನೆಲ್ಲ ನಡೆಸುವ ಎಲೆಕ್ಟ್ರಾನಿಕ್ಸ್. ಇಷ್ಟೂ ಸೇರಿದರೆ ಪವರ್ ಯೂನಿಟ್.

ಪೆಟ್ರೋಲಿಗೂ ಲೆಕ್ಕ ಬಂತು. ಗಂಟೆಗೆ 100 ಕಿಲೋಗಿಂತ ಜಾಸ್ತಿ ವೇಗದಲ್ಲಿ ಪೆಟ್ರೋಲ್ ಹರಿಯುವಂತಿರಲಿಲ್ಲ. ಇಡೀ ರೇಸಿಗೆ ಶುರುವಿನಲ್ಲಿ 100 ಕಿಲೋ. ಹಾಗಾಗಿ ಪೆಟ್ರೋಲ್ ಸುರಿದು ಶಕ್ತಿ ತೆಗೆಯುವ ಹಳೇ ದಾರಿ ಮುಚ್ಚಿಹೋಯಿತು. ಸುಮ್ನೆ ಹಾಳಾಗುವ ಶಾಖವನ್ನು ಯಾರು ಚೆನ್ನಾಗಿ ಹಿಡಿದು ಬಳಸುತ್ತಾರೋ ಅವರು ಗೆಲ್ಲುತ್ತಾರೆ ಅನ್ನುವ ಹಾಗಾಯಿತು.

ಎಂಜಿಯು-ಎಚ್, ಎಂಜಿಯು-ಎಚ್ ಅಂತೀರಲ್ಲ, ಏನದು?

ಎಲ್ಲರೂ ಕೇಳುವ ಪ್ರಶ್ನೆ ಇದು. ಇದು ಅರ್ಥವಾದರೆ ಉಳಿದಿದ್ದೆಲ್ಲ ಅರ್ಥವಾದ ಹಾಗೆ. ಸ್ವಲ್ಪ ಉದ್ದ ಹೇಳುತ್ತೇನೆ.

ಲಾರಿಯ ಟರ್ಬೋ ಬಿಚ್ಚಿ ಮೇಜಿನ ಮೇಲಿಟ್ಟರೆ ಎರಡು ಚಕ್ರ ಕಾಣುತ್ತವೆ. ನಡುವೆ ಒಂದು ಶಾಫ್ಟ್. ಒಂದು ಕಡೆ ಟರ್ಬೈನ್ ಚಕ್ರ, ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಅದನ್ನು ತಿರುಗಿಸುತ್ತದೆ. ಇನ್ನೊಂದು ಕಡೆ ಕಂಪ್ರೆಸರ್ ಚಕ್ರ, ಅದು ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಟರ್ಬೋ ಬಂದ ಕೂಡಲೇ ನಾವು ಮೊದಲು ಮಾಡುವ ಕೆಲಸ ಒಂದೇ. ಶಾಫ್ಟಿನ ತುದಿಯ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡುತ್ತೇವೆ. ಇದಕ್ಕೆ ಪ್ಲೇ ಅನ್ನುತ್ತೇವೆ. ಕೂದಲೆಳೆಯಷ್ಟು ಪ್ಲೇ ಇರಲೇಬೇಕು, ಬುಷ್ ಒಳಗೆ ಎಣ್ಣೆ ನಿಲ್ಲೋಕೆ ಜಾಗ ಬೇಕಲ್ಲ. ಅದಕ್ಕಿಂತ ಚೂರು ಜಾಸ್ತಿಯಾದರೂ ಚಕ್ರದ ರೆಕ್ಕೆ ಹೌಸಿಂಗಿಗೆ ತಾಗುತ್ತದೆ. ತಾಗಿದ ಜಾಗ ಸವೆದು ಬೆಳ್ಳಗೆ ಹೊಳೆಯುತ್ತಿರುತ್ತದೆ, ಮುಟ್ಟಿದರೆ ಬ್ಲೇಡಿನಷ್ಟು ಹರಿತ.

ಲಾರಿಯ ಟರ್ಬೋ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ. ಫಾರ್ಮುಲಾ ಒನ್‌ನಲ್ಲಿ ಆಗ 1,25,000 ಸುತ್ತಿನವರೆಗೆ ಅವಕಾಶ ಇತ್ತು. ಈಗ ಯೋಚನೆ ಮಾಡಿ, ಅದೇ ಶಾಫ್ಟಿನ ಮೇಲೆ ಒಂದು ಎಲೆಕ್ಟ್ರಿಕ್ ಮೋಟಾರನ್ನೂ ಕೂರಿಸಬೇಕು! ಅದೇ ಎಂಜಿಯು-ಎಚ್. ಹೊಗೆಯಲ್ಲಿ ಉಳಿದ ಶಕ್ತಿಯಿಂದ ಅದು ಕರೆಂಟ್ ತಯಾರಿಸುತ್ತದೆ. ಡ್ರೈವರ್ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ, ಹೊಗೆಗೆ ಕಾಯದೆ ತಾನೇ ಟರ್ಬೋವನ್ನು ತಿರುಗಿಸುತ್ತದೆ.

ಇನ್ನೊಂದು ಮೋಟಾರ್ ಎಂಜಿಯು-ಕೆ. ಬ್ರೇಕ್ ಹಾಕಿದಾಗ ಕರೆಂಟ್ ಹಿಡಿದು, ಆಮೇಲೆ ಹಿಂದಿನ ಚಕ್ರಕ್ಕೆ 120 ಕಿಲೋವ್ಯಾಟ್ ಕೊಡುತ್ತಿತ್ತು. ಸುಮಾರು 160 ಕುದುರೆ ಶಕ್ತಿ. ಬ್ಯಾಟರಿಯಿಂದ ಇದಕ್ಕೆ ಒಂದು ಸುತ್ತಿಗೆ 4 ಮೆಗಾಜೂಲ್ ಮಾತ್ರ ಕೊಡಬಹುದು ಅನ್ನುವ ಮಿತಿ ಇತ್ತು. ಅಂದರೆ 33 ಸೆಕೆಂಡಿಗೆ ಖಾಲಿ. ಆದರೆ ಎಂಜಿಯು-ಎಚ್ ನೇರವಾಗಿ ಎಂಜಿಯು-ಕೆಗೆ ಕೊಡುವ ಕರೆಂಟಿಗೆ ಮಿತಿಯೇ ಇರಲಿಲ್ಲ. ಇಡೀ ಆಟದ ಗುಟ್ಟು ಇಲ್ಲೇ ಇತ್ತು. ಒಳ್ಳೇ ಎಂಜಿಯು-ಎಚ್ ಇದ್ದವನಿಗೆ ಆ 160 ಕುದುರೆ ನೇರ ರಸ್ತೆಯ ಕೊನೆಯವರೆಗೂ ಸಿಗುತ್ತಿತ್ತು. ಇಲ್ಲದವನಿಗೆ ಅರ್ಧ ದಾರಿಯಲ್ಲೇ ಕೈಕೊಡುತ್ತಿತ್ತು.

ಹೋಂಡಾ ಅಷ್ಟು ದೊಡ್ಡ ಕಂಪನಿ. 1988ರಲ್ಲಿ ಮೆಕ್ಲಾರೆನ್ ಜೊತೆ 16ರಲ್ಲಿ 15 ರೇಸ್ ಗೆದ್ದವರು. ಮತ್ತೆ ಹೇಗೆ ಎಡವಿದರು?

ತಡವಾಗಿ ಬಂದರು. ನನ್ನ ಪ್ರಕಾರ ಮೊದಲ ಕಾರಣವೇ ಇದು.

ಮರ್ಸಿಡಿಸ್, ಫೆರಾರಿ, ರೆನೋ 2014ರಲ್ಲೇ ರೇಸಿಗೆ ಇಳಿದಿದ್ದರು. ಹೋಂಡಾ ತಾನು ವಾಪಸ್ ಬರುತ್ತೇನೆ ಅಂತ ಹೇಳಿದ್ದೇ 2013ರ ಮೇ ತಿಂಗಳಲ್ಲಿ, ಬಂದದ್ದು 2015ಕ್ಕೆ, ಮತ್ತೆ ಮೆಕ್ಲಾರೆನ್ ತಂಡದ ಕಾರಿಗೇ ಎಂಜಿನ್ ಕೊಡೋಕೆ. ಅಷ್ಟರಲ್ಲಿ ಉಳಿದವರ ಕೈಯಲ್ಲಿ ಒಂದಿಡೀ ವರ್ಷದ ರೇಸ್ ಅನುಭವ ಇತ್ತು. ಹೋಂಡಾ 2008ರ ಕೊನೆಗೆ ಫಾರ್ಮುಲಾ ಒನ್ ಬಿಟ್ಟಿತ್ತು. ಅಷ್ಟು ವರ್ಷ ಬಿಟ್ಟ ಕೈ ಮತ್ತೆ ಕುದುರೋಕೆ ಸಮಯ ಬೇಕು. ಹಿಂದಿನ ಕಾಲದ ಹಾಗೆ ದಿನಾ ಟ್ರ್ಯಾಕಿಗೆ ಹೋಗಿ ಪರೀಕ್ಷೆ ಮಾಡುವುದಕ್ಕೂ ಈಗಿನ ನಿಯಮ ಬಿಡುವುದಿಲ್ಲ.

ಸೈಜ್ ಝೀರೋ ಅಂದರೆ ಏನು?

ಕಾರಿನ ಹಿಂಭಾಗವನ್ನು ಆದಷ್ಟು ಸಣ್ಣಗೆ ಸುತ್ತಬೇಕು, ಆಗ ಗಾಳಿ ಚೆನ್ನಾಗಿ ಹರಿಯುತ್ತದೆ ಅನ್ನುವ ಮೆಕ್ಲಾರೆನ್ನಿನ ಲೆಕ್ಕಾಚಾರಕ್ಕೆ ಇಟ್ಟ ಹೆಸರು. ಅದಕ್ಕೋಸ್ಕರ ಹೋಂಡಾ ತನ್ನ ಕಂಪ್ರೆಸರನ್ನು ಎಂಜಿನ್ನಿನ ವಿ ಆಕಾರದ ಸಂದಿನಲ್ಲೇ ತುರುಕಿತು. ಸಂದಿ ಇರುವುದೇ ಇಷ್ಟು. ಅದರಲ್ಲಿ ಕೂರಬೇಕು ಅಂದರೆ ಕಂಪ್ರೆಸರ್ ಚಿಕ್ಕದಾಗಬೇಕು. ಟರ್ಬೋ ಸಾಲದೇ ಹೋದಾಗ ಎಂಜಿಯು-ಎಚ್ ಕೂಡ ಬೇಕಾದಷ್ಟು ಕರೆಂಟ್ ಕೊಡಲಿಲ್ಲ. ನೇರ ರಸ್ತೆಯ ನಡುವೆ ಕಾರು ಇದ್ದಕ್ಕಿದ್ದಂತೆ ಸುಸ್ತಾಗುತ್ತಿತ್ತು.

ಅಂಗಿ ಚೆನ್ನಾಗಿ ಕೂರಲಿ ಅಂತ ಊಟ ಬಿಟ್ಟ ಹಾಗೆ ಇದು. ಹೋಂಡಾ ಎಂಜಿನಿಯರುಗಳು ಒಪ್ಪಬಾರದಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ತಪ್ಪು ಗೊತ್ತಾದ ಮೇಲೆ ಬೇಗ ಸರಿ ಮಾಡಬಹುದಿತ್ತಲ್ವಾ?

ಆಗ ಟೋಕನ್ ಪದ್ಧತಿ ಇತ್ತು. ಎಂಜಿನ್ನಿನ ಒಂದೊಂದು ಭಾಗ ಬದಲಿಸೋಕೂ ಇಷ್ಟು ಟೋಕನ್ ಅಂತ ಲೆಕ್ಕ. 2015ಕ್ಕೆ ಹೋಂಡಾಗೆ ಸಿಕ್ಕಿದ್ದು 9 ಮಾತ್ರ. ಮೂಲ ವಿನ್ಯಾಸವೇ ತಪ್ಪಿರುವಾಗ 9 ಟೋಕನ್ನಿನಲ್ಲಿ ಏನು ಬದಲಿಸುತ್ತೀರಿ? ಈ ಪದ್ಧತಿಯನ್ನು 2017ಕ್ಕೆ ತೆಗೆದುಹಾಕಿದರು. ಹೋಂಡಾ ಪೂರ್ತಿ ಹೊಸ ವಿನ್ಯಾಸ ತಂದದ್ದೂ ಅದೇ ವರ್ಷ.

ಒಂದೇ ರೇಸಿನಲ್ಲಿ 105 ಸ್ಥಾನ ಹಿಂದಕ್ಕೆ ಹಾಕಿದರಂತೆ, ನಿಜವಾ?

ನಿಜ. 2015ರ ಬೆಲ್ಜಿಯಂ ರೇಸ್. ಮೆಕ್ಲಾರೆನ್ ಡ್ರೈವರುಗಳಾದ ಅಲೊನ್ಸೊ, ಬಟನ್ ಇಬ್ಬರದೂ ಸೇರಿ 105. ವರ್ಷದ ಮಿತಿಗಿಂತ ಜಾಸ್ತಿ ಭಾಗ ಬಳಸಿದರೆ, ಒಂದೊಂದು ಭಾಗಕ್ಕೂ ರೇಸ್ ಹೊರಡುವ ಸಾಲಿನಲ್ಲಿ ಇಷ್ಟು ಸ್ಥಾನ ಹಿಂದಕ್ಕೆ ಅಂತ ಶಿಕ್ಷೆ ಇತ್ತು. ಇಬ್ಬರ ಕಾರಿಗೂ ಎರಡೆರಡು ಹೊಸ ಎಂಜಿನ್ ಅಲ್ಲೇ ಲೆಕ್ಕಕ್ಕೆ ಸೇರಿಸಿದರು. ಹೇಗೂ ಕೊನೆಯ ಸಾಲೇ ಗತಿ, ಅಲ್ಲಿಂದಾಚೆ ಹೊಸ ಎಂಜಿನ್ ಆದರೂ ಕೈಯಲ್ಲಿ ಇರಲಿ ಅಂತ.

ಅಲೊನ್ಸೊ 'ಜಿಪಿ2 ಎಂಜಿನ್' ಅಂತ ಕೂಗಿದ್ದು ಯಾವಾಗ?

2015ರ ಸೆಪ್ಟೆಂಬರ್ 27, ಜಪಾನಿನ ಸುಝುಕಾ. ನಮಗೆ ಅದು ಭಾನುವಾರ ಬೆಳಗ್ಗೆ ಹತ್ತೂವರೆ. ಎಲ್ಲರೂ ತಟ್ಟೆ ಇಡ್ಲಿ ತಿಂದು ಕಾಫಿ ಹಿಡಿದು ಕೂತಿದ್ದೆವು. ನೇರ ರಸ್ತೆಯಲ್ಲಿ ಒಂದರ ಹಿಂದೆ ಒಂದು ಕಾರು ಅವನನ್ನು ದಾಟಿಕೊಂಡು ಹೋಗುತ್ತಿದ್ದವು. ಆಗ ರೇಡಿಯೋದಲ್ಲಿ ಅವನ ಕೂಗು ಕೇಳಿತು. ಜಿಪಿ2 ಅಂದರೆ ಆಗ ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ರೇಸ್.

ಸುಝುಕಾ ಟ್ರ್ಯಾಕ್ ಕಟ್ಟಿದ್ದೇ ಹೋಂಡಾ. ಅವರ ಮನೆಯಂಗಳದಲ್ಲಿ, ಅವರ ಜನರ ಮುಂದೆ, ಎರಡು ಸಲ ಚಾಂಪಿಯನ್ ಆದವನು ಹಾಗೆ ಕೂಗಿದ. ನಮ್ಮ ಕೋಣೆಯಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ನಾವು ರಿಪೇರಿ ಮಾಡಿ ಕಳಿಸಿದ ಟರ್ಬೋ ಮೂರೇ ದಿನಕ್ಕೆ ವಾಪಸ್ ಬಂದು, ಲಾರಿ ಓನರ್ ಹತ್ತು ಜನರ ಮುಂದೆ ಬೈದಾಗ ಹೇಗಿರುತ್ತದೆ ಅಂತ ಗೊತ್ತು. ಅಲೊನ್ಸೊ ಸಿಟ್ಟಿನಲ್ಲಿ ತಪ್ಪಿಲ್ಲ. ಆದರೆ ಗ್ಯಾರೇಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದ ಹುಡುಗರ ಮೇಲೂ ನನಗೆ ಅಷ್ಟೇ ಕನಿಕರ.

ಆ ವರ್ಷ ಮೆಕ್ಲಾರೆನ್‌ಗೆ ಸಿಕ್ಕಿದ್ದು 27 ಅಂಕ, ಹತ್ತು ತಂಡಗಳಲ್ಲಿ ಒಂಬತ್ತನೇ ಸ್ಥಾನ.

2016ರಲ್ಲಿ ಚೇತರಿಸಿಕೊಂಡರಂತಲ್ಲ? ಮತ್ತೆ 2017ರಲ್ಲಿ ಯಾಕೆ ಬಿದ್ದರು?

2016ರಲ್ಲಿ 76 ಅಂಕ, ಆರನೇ ಸ್ಥಾನ. ಪರವಾಗಿಲ್ಲ ಅನ್ನುವ ಹಾಗಿತ್ತು. ಆದರೆ ಇದೇ ವಿನ್ಯಾಸದಲ್ಲಿ ಮುಂದೆ ಹೋಗೋಕೆ ಆಗಲ್ಲ ಅಂತ ಹೋಂಡಾಗೆ ಗೊತ್ತಿತ್ತು. 2017ಕ್ಕೆ ಮರ್ಸಿಡಿಸ್ ದಾರಿ ಹಿಡಿದರು. ಕಂಪ್ರೆಸರ್ ಎಂಜಿನ್ನಿನ ಮುಂದೆ, ಟರ್ಬೈನ್ ಹಿಂದೆ, ನಡುವೆ ಎಂಜಿಯು-ಎಚ್, ಇಷ್ಟನ್ನೂ ಜೋಡಿಸುವ ಉದ್ದದ ಶಾಫ್ಟ್. ಶಾಫ್ಟ್ ಉದ್ದ ಆದಷ್ಟೂ ಅದುರು ಜಾಸ್ತಿ. ಆ ವೇಗದಲ್ಲಿ ಶಾಫ್ಟ್ ಚೂರು ಬಳುಕಿದರೂ ಬೇರಿಂಗ್ ಹೋಯಿತು ಅಂತಲೇ ಲೆಕ್ಕ.

ಬಾರ್ಸಿಲೋನಾದ ಮೊದಲ ಪರೀಕ್ಷೆಯಲ್ಲೇ ಎಣ್ಣೆ ಟ್ಯಾಂಕಿನ ತೊಂದರೆ. ತಿರುವಿನಲ್ಲಿ ಎಣ್ಣೆ ಒಂದು ಕಡೆಗೆ ಎತ್ತಿ ಬಡಿದು, ಪಂಪಿಗೆ ಸಿಗುತ್ತಿರಲಿಲ್ಲ. ಟೆಸ್ಟ್ ಬೆಂಚಿನ ಮೇಲೆ ಕೂತ ಎಂಜಿನ್ನಿಗೆ ತಿರುವು ಎಲ್ಲಿಂದ ಬರಬೇಕು? ಬೆಂಚಿನ ಮೇಲೆ ಕಾಣದ ಅದುರೂ ಕಾರಿನಲ್ಲಿ ಕಾಣಿಸಿತು.

ಇದನ್ನು ನಾನು ನನ್ನ ಕೈಯಾರೆ ಅನುಭವಿಸಿದ್ದೇನೆ. ತುಮಕೂರು ಕಡೆಯ ಒಂದು ಲಾರಿಯ ಟರ್ಬೋ ಎರಡು ಸಲ ವಾಪಸ್ ಬಂತು. ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ಹಾಕಿದರೆ ಏನೂ ದೋಷ ಇಲ್ಲ, ಸದ್ದೂ ಇಲ್ಲ. ಲಾರಿಗೆ ಕೂರಿಸಿದರೆ ಎರಡನೇ ದಿನಕ್ಕೆ ಬಿಳಿ ಹೊಗೆ. ಮೂರನೇ ಸಲ ನಾನೇ ಡ್ರೈವರ್ ಪಕ್ಕ ಕೂತು ನೆಲಮಂಗಲದವರೆಗೆ ಹೋದೆ. ರಸ್ತೆ ಪಕ್ಕ ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿದರೆ, ಟರ್ಬೋದಿಂದ ಎಣ್ಣೆ ಕೆಳಗೆ ಇಳಿಯುವ ಪೈಪ್ ಒಂದು ಕಡೆ ಚಪ್ಪಟೆಯಾಗಿತ್ತು. ಎಣ್ಣೆ ಇಳಿಯದೆ ಒಳಗೇ ನಿಂತು ಸೀಲ್ ದಾಟಿ ಹೊರಗೆ ಬರುತ್ತಿತ್ತು. ಟರ್ಬೋದಲ್ಲಿ ದೋಷವೇ ಇರಲಿಲ್ಲ. ಆ ಪೈಪ್ ನಮ್ಮ ಬೆಂಚಿನ ಮೇಲೆ ಇರಲಿಲ್ಲ, ಅಷ್ಟೇ.

ಹೋಂಡಾಗೆ ಇದೇ ನಡೆದದ್ದು, ಇಡೀ ಜಗತ್ತು ನೋಡುತ್ತಿರುವಾಗ. ಬಹ್ರೇನ್‌ನಲ್ಲಿ ಮೆಕ್ಲಾರೆನ್ನಿನ ಇನ್ನೊಬ್ಬ ಡ್ರೈವರ್ ವಾಂಡೂರ್ನ್ ರೇಸ್ ಶುರು ಮಾಡಲೇ ಇಲ್ಲ. ರಷ್ಯಾದಲ್ಲಿ ರೇಸಿಗೆ ಮುಂಚಿನ ಸುತ್ತಿನಲ್ಲೇ ಅಲೊನ್ಸೊ ಕಾರು ನಿಂತಿತು. ಮೇ ತಿಂಗಳಲ್ಲಿ ಅವನು ಮೊನಾಕೊ ಬಿಟ್ಟು ಅಮೆರಿಕದ ಇಂಡಿಯಾನಾಪೊಲಿಸ್ 500ಕ್ಕೆ ಹೋದ. ಚೆನ್ನಾಗಿ ಓಡಿಸುತ್ತಿದ್ದ, ಇನ್ನೇನು 21 ಸುತ್ತು ಬಾಕಿ. ಅಲ್ಲೂ ಹೋಂಡಾ ಎಂಜಿನ್, ಅಲ್ಲೂ ಹೊಗೆ.

ತಪ್ಪೆಲ್ಲ ಹೋಂಡಾದ್ದೇನಾ?

ಅಲ್ಲ. ಇದನ್ನು ಒತ್ತಿ ಹೇಳಬೇಕು.

ನಮ್ಮ ಕಾರು ಚೆನ್ನಾಗಿದೆ, ಎಂಜಿನ್ ಮಾತ್ರ ಸರಿಯಿಲ್ಲ ಅಂತ ಮೆಕ್ಲಾರೆನ್ ಮೂರು ವರ್ಷ ಹೇಳಿತು. 2018ಕ್ಕೆ ರೆನೋ ಎಂಜಿನ್ ಹಾಕಿಕೊಂಡಿತು. ಅದೇ ರೆನೋ ಎಂಜಿನ್ನಿನಲ್ಲಿ ರೆಡ್ ಬುಲ್ ಆ ವರ್ಷ ನಾಲ್ಕು ರೇಸ್ ಗೆದ್ದಿತು. ಮೆಕ್ಲಾರೆನ್ ಒಂದು ಸಲವೂ ಮೊದಲ ಮೂರರಲ್ಲಿ ಬರಲಿಲ್ಲ. ಕಾರಿನಲ್ಲೂ ಕೊರತೆ ಇತ್ತು ಅಂತ ಆಗ ಎಲ್ಲರಿಗೂ ಗೊತ್ತಾಯಿತು.

ಎಂಜಿನ್ ಮಾಡುವವರು, ಕಾರು ಮಾಡುವವರು ಒಬ್ಬರ ಮೇಲೊಬ್ಬರು ದೂರು ಹೇಳೋಕೆ ಶುರು ಮಾಡಿದರೆ ನಿಜವಾದ ದೋಷ ಹುಡುಕುವವರು ಯಾರೂ ಉಳಿಯುವುದಿಲ್ಲ. ಹೋಂಡಾ ಎಂಜಿನ್ ಕೆಟ್ಟದಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೈಜ್ ಝೀರೋ ಇಬ್ಬರೂ ಸೇರಿ ಹಿಡಿದ ದಾರಿ.

ಆ ಹೊತ್ತಿಗೆ ಫೋರ್ಸ್ ಇಂಡಿಯಾ ಚೆನ್ನಾಗಿ ಓಡುತ್ತಿತ್ತಲ್ವಾ?

ಹೌದು, ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಮುಂದೆ ನಿಂತಿದ್ದ ತಂಡ. ಮರ್ಸಿಡಿಸ್‌ನಿಂದ ಎಂಜಿನ್ ಕೊಂಡುಕೊಂಡು ಓಡಿಸುತ್ತಿತ್ತು. 2016, 2017 ಎರಡೂ ವರ್ಷ ನಾಲ್ಕನೇ ಸ್ಥಾನ. 2017ರಲ್ಲಿ ಅವರಿಗೆ 187 ಅಂಕ, ಮೆಕ್ಲಾರೆನ್‌ಗೆ 30. ಕೈಯಲ್ಲಿ ಕಾಸು ಕಡಿಮೆ ಇದ್ದ ತಂಡ ಅದು. ಒಳ್ಳೇ ಎಂಜಿನ್ ಎಷ್ಟು ದೂರ ಕರೆದೊಯ್ಯುತ್ತದೆ ಅಂತ ತಿಳಿಯೋಕೆ ಈ ಎರಡು ಅಂಕಿ ಸಾಕು.

ಹಾಗಾದರೆ ಸರಿ ಹೋದದ್ದು ಹೇಗೆ?

2017ರ ಸೆಪ್ಟೆಂಬರ್‌ನಲ್ಲಿ ಸಿಂಗಪುರದಲ್ಲಿ ಮೆಕ್ಲಾರೆನ್, ಹೋಂಡಾ ಇಬ್ಬರೂ ಬೇರೆಯಾದರು. ಹೋಂಡಾ ಟೊರೊ ರೊಸ್ಸೊ ಅನ್ನುವ ಸಣ್ಣ ತಂಡದ ಜೊತೆ ಸೇರಿತು. ತುಂಬಾ ಜನ ಇದನ್ನು ಇಳಿಜಾರು ಅಂದುಕೊಂಡರು. ನನಗೆ ಅದು ಒಳ್ಳೆಯದೇ ಅನಿಸಿತ್ತು. ಸಣ್ಣ ತಂಡದಲ್ಲಿ ಒತ್ತಡ ಕಡಿಮೆ, ಕಲಿಯೋಕೆ ಜಾಗ ಇರುತ್ತದೆ. 2019ರಿಂದ ರೆಡ್ ಬುಲ್ ಕಾರಿಗೂ ಹೋಂಡಾ ಎಂಜಿನ್ ಬಂತು.

ಕೆಲಸವನ್ನೂ ಹಂಚಿದರು. ಟ್ರ್ಯಾಕಿನಲ್ಲಿ ಟೊಯೊಹಾರು ತನಾಬೆ, ಜಪಾನಿನ ಸಕುರಾದಲ್ಲಿ ಹೊಸ ಎಂಜಿನ್ ಬೆಳೆಸುವುದಕ್ಕೆ ಯಸುವಾಕಿ ಅಸಾಕಿ. ಅದಕ್ಕೆ ಮುಂಚೆ ಎರಡನ್ನೂ ಒಬ್ಬರೇ ಹೊತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಅಂದರೆ, ಮನೆಯೊಳಗೇ ಇದ್ದ ಬೇರೆಯವರನ್ನು ಕೇಳಿದ್ದು. ಹೋಂಡಾ ವಿಮಾನವನ್ನೂ ಮಾಡುತ್ತದೆ, ಅದಕ್ಕೆ ಜೆಟ್ ಎಂಜಿನ್ ಕೂಡ. ಜೆಟ್ ಎಂಜಿನ್ ಅಂದರೆ ಏನು? ಉದ್ದದ ಶಾಫ್ಟ್, ಭಾರೀ ವೇಗ, ಬಿಸಿ, ಬೇರಿಂಗ್. ಎಂಜಿಯು-ಎಚ್‌ನ ರೋಗವೂ ಅದೇ! ಆ ವಿಭಾಗದವರು ಬಂದು ಕೂತ ಮೇಲೆ ಅದುರು ಹತೋಟಿಗೆ ಬಂತು. 2019ರಲ್ಲಿ ಟರ್ಬೋದ ರೆಕ್ಕೆಗಳ ಆಕಾರಕ್ಕೂ ಅವರ ತಿಳಿವಳಿಕೆ ಬಳಸಿದರು. ಆಮೇಲೆ ಕುಮಾಮೊಟೊದ ಬೈಕ್ ಫ್ಯಾಕ್ಟರಿಯವರ ಪ್ಲೇಟಿಂಗ್ ಕೆಲಸ ಸಿಲಿಂಡರಿಗೆ ಬಂತು. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲೂ ಹೋಂಡಾದ ದೊಡ್ಡ ಬೈಕ್ ಫ್ಯಾಕ್ಟರಿ ಇದೆ. ಅಂಥದ್ದೊಂದು ಫ್ಯಾಕ್ಟರಿಯ ಕೆಲಸಗಾರರ ಕೈಚಳಕ ಫಾರ್ಮುಲಾ ಒನ್ ಎಂಜಿನ್ನಿನ ಒಳಗೆ ಹೋಯಿತು ಅಂದರೆ ನನಗೆ ಮೈ ಜುಮ್ಮೆನ್ನುತ್ತದೆ. ಎರಡು ವರ್ಷ ಮುಂಚೆಯೇ ಕೇಳಿದ್ದರೆ ಅಂತ ಹೊಟ್ಟೆ ಉರಿಯುವುದೂ ಉಂಟು.

ಹೋಂಡಾ ಒಬ್ಬರದೇ ಈ ಗೋಳಾ?

ರೆನೋದ್ದೂ ಇದೇ ಕಥೆ, ಕೊನೆ ಮಾತ್ರ ಬೇರೆ. 2010ರಿಂದ 2013ರವರೆಗೆ ರೆಡ್ ಬುಲ್ ಜೊತೆ ಸತತ ನಾಲ್ಕು ಸಲ ಚಾಂಪಿಯನ್ ಆದ ಎಂಜಿನ್ ಅವರದು. ಹೈಬ್ರಿಡ್ ಬಂದ ಮೇಲೆ ಮರ್ಸಿಡಿಸ್ಸನ್ನು ಹಿಡಿಯೋಕೆ ಆಗಲೇ ಇಲ್ಲ. ರೆಡ್ ಬುಲ್ ಜೊತೆ ಜಗಳ ಎಷ್ಟು ಬೆಳೆಯಿತು ಅಂದರೆ 2016ರಲ್ಲಿ ಆ ಎಂಜಿನ್ನಿಗೆ ಒಂದು ಗಡಿಯಾರ ಕಂಪನಿಯ ಹೆಸರು ಅಂಟಿಸಿ ಓಡಿಸಿದರು. ಫ್ರಾನ್ಸಿನ ವಿರಿಯಲ್ಲಿ ಎಂಜಿನ್ ಮಾಡುವುದನ್ನು ನಿಲ್ಲಿಸುತ್ತೇವೆ ಅಂತ 2024ರಲ್ಲಿ ರೆನೋ ಹೇಳಿತು. ಅಲ್ಲಿನ ಕೆಲಸಗಾರರು ಬೀದಿಗಿಳಿದು ಬೇಡ ಅಂದರು. ತೀರ್ಮಾನ ಬದಲಾಗಲಿಲ್ಲ.

ಗೆದ್ದ ಮೇಲೆ ಹೋಂಡಾ ಬಿಟ್ಟು ಹೋಗಿದ್ದು ಯಾಕೆ?

2020ರ ಅಕ್ಟೋಬರ್‌ನಲ್ಲಿ, 2021ರ ಕೊನೆಗೆ ಹೊರಡುತ್ತೇವೆ ಅಂದರು. ಎಂಜಿನಿಯರುಗಳನ್ನು ಎಲೆಕ್ಟ್ರಿಕ್ ವಾಹನಗಳ ಕಡೆಗೆ, ಇಂಗಾಲ ಕಡಿಮೆ ಮಾಡುವ ಕೆಲಸಕ್ಕೆ ಹಾಕಬೇಕು ಅನ್ನುವುದು ಕಾರಣ. ಆದರೆ ಹೊರಡುವ ಮುಂಚೆ ಒಂದು ಕೆಲಸ ಮಾಡಿದರು. 2022ಕ್ಕೆ ಅಂತ ಇಟ್ಟುಕೊಂಡಿದ್ದ ಹೊಸ ಎಂಜಿನ್ನನ್ನು ಒಂದು ವರ್ಷ ಮುಂಚೆಯೇ ಮುಗಿಸೋಣ ಅಂತ ಅಸಾಕಿ ಕಂಪನಿಯ ಅಧ್ಯಕ್ಷರನ್ನು ಕೇಳಿಕೊಂಡರು. ಒಪ್ಪಿಗೆ ಸಿಕ್ಕಿತು. ಮೊದಲಿಗಿಂತ ಸಣ್ಣ, ಮೊದಲಿಗಿಂತ ಗಟ್ಟಿ. 2021ರ ಡಿಸೆಂಬರ್ 12ರಂದು ಅಬುಧಾಬಿಯಲ್ಲಿ ಆ ಎಂಜಿನ್ ಮೇಲೆ ರೆಡ್ ಬುಲ್ ಡ್ರೈವರ್ ವರ್ಸ್ಟಾಪನ್ ಚಾಂಪಿಯನ್ ಆದ.

ಪೂರ್ತಿ ಬಿಡಲಿಲ್ಲ ಅನ್ನಿ. ಆಮೇಲೂ ರೆಡ್ ಬುಲ್ ಎಂಜಿನ್ನುಗಳನ್ನು ಜಪಾನಿನಲ್ಲೇ ಕಟ್ಟಿಕೊಡುತ್ತಿದ್ದರು. 2023ರಲ್ಲಿ 22 ರೇಸಿನಲ್ಲಿ 21 ಗೆದ್ದದ್ದು ಅದೇ ಎಂಜಿನ್ ವಂಶ.

2026ರಿಂದ ಹೋಂಡಾ ಯಾರ ಜೊತೆ?

ಆಸ್ಟನ್ ಮಾರ್ಟಿನ್ ಜೊತೆ. ಈ ತಂಡ ಯಾವುದು ಗೊತ್ತಾ? ಹಳೇ ಫೋರ್ಸ್ ಇಂಡಿಯಾನೇ! 2018ರಲ್ಲಿ ಸಾಲದಲ್ಲಿ ಮುಳುಗಿ, ಕೈ ಬದಲಾಗಿ, ಹೆಸರು ಬದಲಾಗಿ ಆಸ್ಟನ್ ಮಾರ್ಟಿನ್ ಆಯಿತು. ಅವರ ಡ್ರೈವರುಗಳಲ್ಲಿ ಒಬ್ಬ ಫರ್ನಾಂಡೊ ಅಲೊನ್ಸೊ. ಹೌದು, ಅದೇ ಅಲೊನ್ಸೊ.

ಹೊಸ ನಿಯಮದಲ್ಲಿ ಎಂಜಿಯು-ಎಚ್ ಇಲ್ಲ, ತೆಗೆದುಬಿಟ್ಟಿದ್ದಾರೆ. ಎಂಜಿಯು-ಕೆ 120ರಿಂದ 350 ಕಿಲೋವ್ಯಾಟಿಗೆ ಏರಿದೆ. ಇಷ್ಟು ವರ್ಷ ಬೆವರು ಸುರಿಸಿ ಕಲಿತ ವಿದ್ಯೆಯಲ್ಲಿ ಒಂದು ಪಾಲು ಪೆಟ್ಟಿಗೆ ಸೇರಿತು. ಟರ್ಬೋ ಕೆಲಸದವನಾಗಿ ನನಗೆ ಇದು ನಿಜಕ್ಕೂ ಬೇಸರ.

ಈ ಹೈಬ್ರಿಡ್ ಎಂಜಿನ್ ನಮ್ಮ ದೇಶದ ರೇಸಿನಲ್ಲಿ ಓಡಿದೆಯಾ?

ಇಲ್ಲ. ನೋಯ್ಡಾ ಹತ್ತಿರದ ಬುದ್ಧ ಟ್ರ್ಯಾಕಿನಲ್ಲಿ ರೇಸ್ ನಡೆದದ್ದು 2011, 2012, 2013. ಮೂರೂ ವಿ8 ಕಾಲ. ಬೆಂಗಳೂರಿನವರಿಗೆ 2011ರ ಸೆಪ್ಟೆಂಬರ್‌ನಲ್ಲಿ ನೈಸ್ ರಸ್ತೆಯಲ್ಲಿ ಹ್ಯಾಮಿಲ್ಟನ್ ಮೆಕ್ಲಾರೆನ್ ಓಡಿಸಿದ್ದು ನೆನಪಿರಬಹುದು. ಅದೂ ವಿ8.

ಹೊಸಬರು ಈ ಕಥೆ ತಿಳಿಯೋಕೆ ಯಾವ ರೇಸ್ ನೋಡಬೇಕು?

ಮೂರು ನೋಡಿ, ಇದೇ ಕ್ರಮದಲ್ಲಿ. ಮೊದಲು 2015ರ ಸುಝುಕಾ. ಆಮೇಲೆ 2018ರ ಬಹ್ರೇನ್. ಹೋಂಡಾ ಎಂಜಿನ್ ಇದ್ದ ಟೊರೊ ರೊಸ್ಸೊದಲ್ಲಿ ಗ್ಯಾಸ್ಲಿ ನಾಲ್ಕನೆಯವನಾಗಿ ಬಂದ, ಅದು ಆ ತಂಡದ ಜೊತೆ ಹೋಂಡಾಗೆ ಎರಡನೇ ರೇಸ್ ಅಷ್ಟೇ.

ಮೂರನೆಯದು 2019ರ ಜೂನ್ 30, ಆಸ್ಟ್ರಿಯಾ. ವರ್ಸ್ಟಾಪನ್ ಎರಡನೇ ಸ್ಥಾನದಿಂದ ಹೊರಟ, ಶುರುವಿನಲ್ಲೇ ಕಾರು ತಡವರಿಸಿ ಏಳನೇ ಸ್ಥಾನಕ್ಕೆ ಬಿದ್ದ. ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ, 71 ಸುತ್ತಿನಲ್ಲಿ 69ನೇ ಸುತ್ತಿಗೆ ಮೊದಲ ಸ್ಥಾನದಲ್ಲಿದ್ದ ಫೆರಾರಿಯ ಲೆಕ್ಲೇರ್‌ನನ್ನು ಹಿಂದೆ ಹಾಕಿದ. ನೇರ ರಸ್ತೆಗಳಲ್ಲಿ ಎಂಜಿನ್ ಎಳೆಯುವುದನ್ನು ನೋಡಿ, ಎಲ್ಲೂ ಸುಸ್ತಾಗುವುದಿಲ್ಲ. 2006ರ ಹಂಗೇರಿ ಆದ ಮೇಲೆ ಹೋಂಡಾಗೆ ಅದೇ ಮೊದಲ ಗೆಲುವು.

ಚೆಕರ್ಡ್ ಬಾವುಟ ಬಿದ್ದ ಕೂಡಲೇ ಟಿವಿ ಆರಿಸಬೇಡಿ. ಬಹುಮಾನ ಕೊಡುವವರೆಗೂ ನೋಡಿ. ವರ್ಸ್ಟಾಪನ್ ತನ್ನ ಎದೆಯ ಮೇಲಿನ ಹೋಂಡಾ ಗುರುತನ್ನು ಬೆರಳಿಟ್ಟು ತೋರಿಸುತ್ತಾನೆ. ತಂಡದ ಕಪ್ ತೆಗೆದುಕೊಳ್ಳೋಕೆ ರೆಡ್ ಬುಲ್ ತನ್ನವರನ್ನು ಕಳಿಸಲಿಲ್ಲ, ಹೋಂಡಾದ ತನಾಬೆಯನ್ನು ಕಳಿಸಿತು. ಪಕ್ಕದಲ್ಲಿ ಷಾಂಪೇನ್ ಚಿಮ್ಮುತ್ತಿರುವಾಗ ಅವರ ಮುಖ ನೋಡಿ.